ಯಕೃತ್ತಿನ ಕೊಬ್ಬಿನ ಲೆಕ್ಕ, ರಕ್ತದ ಕೊಲೆಸ್ಟರಾಲ್ ಲೆಕ್ಕ

ಫ್ಯಾಟಿ ಲಿವರ್ ಮತ್ತು ಅಧಿಕ ಕೊಲೆಸ್ಟರಾಲ್ ಎಂಬ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಬಲವಾಗಿ ಬೇರೂರಿದೆ. ತಿಂದ ಜಿಡ್ಡೆಲ್ಲ ಯಕೃತ್ತಿನಲ್ಲಿ ಹೋಗಿ ಕೂರುತ್ತದೆ, ಅಲ್ಲಿ ತುಂಬಿ ತುಳುಕಿದ್ದು ರಕ್ತಕ್ಕೆ ಬಂದು ಹೃದಯದ ನಾಳಗಳನ್ನು ಕಟ್ಟುತ್ತದೆ ಎಂಬ ಚಿತ್ರ ಎಷ್ಟು ಸಲೀಸಾಗಿ ಮನಸ್ಸಿಗೆ ಹತ್ತುತ್ತದೆಯೆಂದರೆ, ಅದನ್ನು ಪ್ರಶ್ನಿಸಬೇಕೆಂದೇ ಯಾರಿಗೂ ಅನ್ನಿಸುವುದಿಲ್ಲ. ಅದು ತಪ್ಪೆಂದು ಸ್ಪಷ್ಟವಾಗಿ ತೋರಿಸಿದವರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಹೆಲೆನ್ ಹಾಬ್ಸ್ ಪ್ರಮುಖರು.

ಹಾಬ್ಸ್ ಕೆಲಸ ಮಾಡಿದ್ದು ಡಲ್ಲಾಸ್ ನಗರದಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದಲ್ಲಿ. ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳನ್ನು ಜೀವಕೋಶದೊಳಗೆ ಸೆಳೆದುಕೊಳ್ಳುವ ಗ್ರಾಹಕವನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರದೂ ಅದೇ ಸಂಸ್ಥೆ. ಹಾಬ್ಸ್ ಸಂಶೋಧನೆಯ ಪಾಠ ಕಲಿತದ್ದು ಅವರಲ್ಲಿಯೇ. ಗುರುಗಳು ಬಾಲ್ಯದಲ್ಲಿಯೇ ಹೃದಯಾಘಾತ ತರುವಂಥ ವಿರಳ ಆನುವಂಶಿಕ ಕಾಯಿಲೆಯಿಂದ ತಮ್ಮ ಪ್ರಶ್ನೆಯನ್ನು ಎತ್ತಿಕೊಂಡರೆ, ಶಿಷ್ಯೆ ಒಂದು ನಗರದ ಸಾಮಾನ್ಯ ನಿವಾಸಿಗಳತ್ತ ತಿರುಗಿದರು. 2000ದಲ್ಲಿ ಆರಂಭವಾದ ಡಲ್ಲಾಸ್ ಹೃದಯ ಅಧ್ಯಯನದಲ್ಲಿ ಕಪ್ಪು ಜನರು, ಬಿಳಿಯರು ಮತ್ತು ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಸಮುದಾಯದವರು ಇದ್ದರು. ಕಪ್ಪು ಜನರ ಪಾಲು ಸುಮಾರು ಅರ್ಧದಷ್ಟಿರುವಂತೆ ಬೇಕೆಂದೇ ನೋಡಿಕೊಳ್ಳಲಾಗಿತ್ತು.

ಈ ಅಧ್ಯಯನದ ಮೊದಲ ದೊಡ್ಡ ಫಲ ಕೊಲೆಸ್ಟರಾಲ್‌ಗೆ ಸಂಬಂಧಿಸಿದ್ದು. ಪಿಸಿಎಸ್‌ಕೆ9 ಎಂಬ ಪ್ರೋಟೀನು ಅತಿಯಾಗಿ ಕೆಲಸ ಮಾಡಿದರೆ ಎಲ್‌ಡಿಎಲ್ ಏರುತ್ತದೆಂದು 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಿಂದ ತಿಳಿದಿತ್ತು. ಹಾಬ್ಸ್ ಮತ್ತು ಅವರ ಸಹೋದ್ಯೋಗಿ ಜೊನಾಥನ್ ಕೋಹೆನ್ ಎಲ್‌ಡಿಎಲ್ ತೀರ ಕಡಿಮೆ ಇದ್ದವರನ್ನು ಹುಡುಕಿ, ಅವರಲ್ಲಿ ಅದೇ ಪ್ರೋಟೀನಿನ ವಂಶವಾಹಿ ಕೆಟ್ಟಿರುವುದನ್ನು ಕಂಡರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಹುಟ್ಟಿನಿಂದಲೇ ಇಂಥ ರೂಪಾಂತರವಿದ್ದ ಕಪ್ಪು ಜನರಲ್ಲಿ ಎಲ್‌ಡಿಎಲ್ ಶೇ. 28ರಷ್ಟು ಮಾತ್ರ ಕಡಿಮೆಯಿದ್ದರೂ ಹೃದಯದ ರಕ್ತನಾಳಗಳ ಕಾಯಿಲೆಯ ಸಂಭವ ಶೇ. 88ರಷ್ಟು ಕಡಿಮೆಯಿತ್ತು. ಕೊಲೆಸ್ಟರಾಲ್ ಎಷ್ಟು ಇಳಿದಿದೆ ಎಂಬುದರಷ್ಟೇ ಎಷ್ಟು ವರ್ಷಗಳಿಂದ ಇಳಿದಿದೆ ಎಂಬುದೂ ಮುಖ್ಯವೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ಈ ಪ್ರೋಟೀನನ್ನು ತಡೆಯುವ ಔಷಧಗಳು 2015ರಲ್ಲಿ ಮಂಜೂರಾದವು. ಈ ಕಥೆಯನ್ನು ಬಹಳ ಮಂದಿ ಬರೆದಿದ್ದಾರೆ. ನನಗೆ ಅದಕ್ಕಿಂತ ಸ್ವಾರಸ್ಯವೆನಿಸುವುದು ಯಕೃತ್ತಿನ ಕಥೆ.

ಅದೇ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಯಕೃತ್ತಿನ ಕೊಬ್ಬನ್ನು ಸೂಜಿ ಚುಚ್ಚದೆ ಅಳೆಯಲಾಯಿತು. ಬಲವಾದ ಕಾಂತಕ್ಷೇತ್ರದಲ್ಲಿ ನೀರಿನ ಹೈಡ್ರೋಜನ್ನೂ ಕೊಬ್ಬಿನ ಹೈಡ್ರೋಜನ್ನೂ ತುಸು ಬೇರೆಬೇರೆ ಆವರ್ತನದಲ್ಲಿ ಸಂಕೇತ ಕೊಡುತ್ತವೆ. ಎರಡು ಸಂಕೇತಗಳ ಎತ್ತರವನ್ನು ಹೋಲಿಸಿದರೆ ಅಂಗದಲ್ಲಿ ಕೊಬ್ಬಿನ ಪಾಲು ಎಷ್ಟೆಂದು ತಿಳಿಯುತ್ತದೆ. ಸುಮಾರು ಶೇ. 5.5 ದಾಟಿದರೆ ಅದು ಫ್ಯಾಟಿ ಲಿವರ್. ಡಲ್ಲಾಸ್‌ನ ವಯಸ್ಕರಲ್ಲಿ ಮೂರರಲ್ಲೊಬ್ಬರು ಈ ಗೆರೆಯಿಂದ ಮೇಲಿದ್ದರು. ಹಿಸ್ಪಾನಿಕ್ ಸಮುದಾಯದಲ್ಲಿ ಪ್ರಮಾಣ ಅತಿ ಹೆಚ್ಚು, ಕಪ್ಪು ಜನರಲ್ಲಿ ಅತಿ ಕಡಿಮೆ. ಬೊಜ್ಜು ಮತ್ತು ಮಧುಮೇಹದ ಲೆಕ್ಕದಿಂದಷ್ಟೇ ಈ ಅಂತರವನ್ನು ವಿವರಿಸಲಾಗಲಿಲ್ಲ.

ಉತ್ತರದ ಒಂದು ಭಾಗ 2008ರಲ್ಲಿ ಸಿಕ್ಕಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಆನುವಂಶಿಕ ವ್ಯತ್ಯಾಸಗಳನ್ನು ಜರಡಿ ಹಿಡಿದಾಗ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯಲ್ಲಿನ ಒಂದೇ ಒಂದು ಬದಲಾವಣೆ ಎದ್ದು ಕಂಡಿತು. ಪ್ರೋಟೀನಿನ 148ನೆಯ ಸ್ಥಾನದಲ್ಲಿ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲದ ಬದಲು ಮೆಥಿಯೊನಿನ್ ಬಂದು ಕುಳಿತಿರುವ ಈ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದವರ ಯಕೃತ್ತಿನಲ್ಲಿ, ಅದು ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಬ್ಬಿತ್ತು. ಹಿಸ್ಪಾನಿಕ್ ಸಮುದಾಯದಲ್ಲಿ ಈ ರೂಪ ಅತಿ ಸಾಮಾನ್ಯ, ಕಪ್ಪು ಜನರಲ್ಲಿ ಅತಿ ವಿರಳ.

ಪ್ರೋಟೀನು ಕೆಟ್ಟು ತನ್ನ ಕೆಲಸ ಮಾಡದಿರುವುದರಿಂದ ಕೊಬ್ಬು ಶೇಖರವಾಗುತ್ತದೆಯೆಂದು ಯಾರಾದರೂ ಊಹಿಸುತ್ತಾರೆ. ಆದರೆ ಈ ವಂಶವಾಹಿಯನ್ನೇ ಪೂರ್ತಿಯಾಗಿ ಕಿತ್ತುಹಾಕಿದ ಇಲಿಗಳಿಗೆ ಫ್ಯಾಟಿ ಲಿವರ್ ಬರಲಿಲ್ಲ! ಅಂದರೆ ತೊಂದರೆ ಇರುವುದು ಪ್ರೋಟೀನಿನ ಗೈರುಹಾಜರಿಯಲ್ಲಿ ಅಲ್ಲ, ಹಾಜರಿಯಲ್ಲಿ. ಸಾಮಾನ್ಯ ರೂಪವನ್ನು ಜೀವಕೋಶ ಕಾಲಕಾಲಕ್ಕೆ ಗುರುತು ಹಚ್ಚಿ ಒಡೆದುಹಾಕುತ್ತದೆ. ಬದಲಾದ ರೂಪ ಆ ವಿಲೇವಾರಿಯಿಂದ ತಪ್ಪಿಸಿಕೊಂಡು ಕೊಬ್ಬಿನ ಹನಿಗಳ ಮೈಮೇಲೆ ದಟ್ಟವಾಗಿ ಕವಿದುಕೊಳ್ಳುತ್ತದೆ. ಕೊಬ್ಬನ್ನು ಕರಗಿಸುವ ಮುಖ್ಯ ಕಿಣ್ವಕ್ಕೆ ಒಂದು ಸಹಾಯಕ ಪ್ರೋಟೀನು ಬೇಕು. ಹನಿಯ ಮೇಲೆ ಗುಂಪುಗೂಡಿದ ರೂಪಾಂತರಿ ಆ ಸಹಾಯಕನನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಕಿಣ್ವ ಒಂಟಿಯಾಗುತ್ತದೆ, ಹನಿ ಕರಗದೆ ಉಳಿಯುತ್ತದೆ. ಈ ತರ್ಕವನ್ನು ಅನುಸರಿಸಿ, ಆ ಪ್ರೋಟೀನು ತಯಾರಾಗದಂತೆ ಮಾಡುವ ಆರ್‌ಎನ್‌ಎ ಆಧಾರಿತ ಔಷಧಗಳನ್ನು ಮನುಷ್ಯರಲ್ಲಿ ಪರೀಕ್ಷಿಸಲಾಗುತ್ತಿದೆ.

ಎರಡನೆಯ ವಂಶವಾಹಿ ಟಿಎಂ6ಎಸ್‌ಎಫ್2. ಅದರ ವರದಿ 2014ರಲ್ಲಿ ಬಂತು. ಆರಂಭದಲ್ಲಿ ಹೇಳಿದ ಚಿತ್ರವನ್ನು ಬುಡಮೇಲು ಮಾಡುವುದು ಇದೇ. ಯಕೃತ್ತನ್ನು ಉಗ್ರಾಣವೆಂದುಕೊಂಡರೆ, ವಿಎಲ್‌ಡಿಎಲ್ ಕಣಗಳು ಅಲ್ಲಿಂದ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನೂ ಕೊಲೆಸ್ಟರಾಲನ್ನೂ ರಕ್ತಕ್ಕೆ ಸಾಗಿಸುವ ಗಾಡಿಗಳು. ಟಿಎಂ6ಎಸ್‌ಎಫ್2 ಕೆಟ್ಟಾಗ ಹೊರಡುವ ಗಾಡಿಗಳ ಸಂಖ್ಯೆ ಕಡಿಮೆಯಾಗುವುದಿಲ್ಲವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಪ್ರತಿ ಗಾಡಿಗೆ ಹೇರುವ ಸರಕು ಮಾತ್ರ ಕಡಿಮೆಯಾಗುತ್ತದೆ. ಹೇರದ ಕೊಬ್ಬು ಒಳಗೇ ಉಳಿದು ಯಕೃತ್ತು ಹಾಳಾಗುತ್ತದೆ, ರಕ್ತದ ಕೊಲೆಸ್ಟರಾಲ್ ಇಳಿಯುತ್ತದೆ, ಹೃದಯಾಘಾತದ ಸಂಭವವೂ ತಗ್ಗುತ್ತದೆ. ಒಂದೇ ದೋಷ ಒಂದು ಅಂಗಕ್ಕೆ ಕೇಡು, ಇನ್ನೊಂದಕ್ಕೆ ರಕ್ಷಣೆ. ಈ ಹೇರುವಿಕೆಯನ್ನೇ ತಡೆಯುವ ಲೋಮಿಟಪೈಡ್ ಎಂಬ ಔಷಧ ಎಲ್‌ಡಿಎಲ್ ಅನ್ನು ಚೆನ್ನಾಗಿ ಇಳಿಸಿದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿಸುವುದು ಇದೇ ಕಾರಣಕ್ಕೆ, ಮತ್ತು ಅದನ್ನು ತೀವ್ರ ಆನುವಂಶಿಕ ಕಾಯಿಲೆಗಷ್ಟೇ ಮೀಸಲಿಟ್ಟಿರುವುದಕ್ಕೆ ಇದೂ ಒಂದು ಕಾರಣ.

ತಿಂದ ಜಿಡ್ಡಿನ ಮಾತೂ ಅಷ್ಟು ನೇರವಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳ ಯಕೃತ್ತಿನ ಕೊಬ್ಬಿನ ಮೂಲವನ್ನು ಗುರುತು ಹಾಕಿದ ಅಣುಗಳಿಂದ ಪತ್ತೆಮಾಡಿದಾಗ, ಆಹಾರದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ, ಶೇ. 59ರಷ್ಟು ದೇಹದ ಕೊಬ್ಬಿನ ಅಂಗಾಂಶದಿಂದ ಹರಿದುಬಂದಿತ್ತು, ಶೇ. 26ರಷ್ಟನ್ನು ಯಕೃತ್ತು ಮುಖ್ಯವಾಗಿ ಸಕ್ಕರೆ ಮತ್ತು ಪಿಷ್ಟದಿಂದ ತಾನೇ ತಯಾರಿಸಿಕೊಂಡಿತ್ತು. ಯಕೃತ್ತನ್ನು ತೊಳೆದು ಶುದ್ಧಿಮಾಡುತ್ತೇವೆಂದು ಮಾರುವ ಪಾನೀಯಗಳ ಜಾಹೀರಾತು ನೋಡಿದಾಗಲೆಲ್ಲ ನನಗೆ ಈ ಅಂಕಿಗಳು ನೆನಪಾಗುತ್ತವೆ: ಜೀವಕೋಶದೊಳಗೆ, ಕೋಶಕೇಂದ್ರವನ್ನು ಅಂಚಿಗೆ ಒತ್ತರಿಸಿ ಕುಳಿತ ಹನಿಯನ್ನು ಯಾವ ಪಾನೀಯ ಹೇಗೆ ತೊಳೆಯುತ್ತದೆ?

ಹಾಗೆಂದು ಎಲ್ಲವೂ ವಂಶವಾಹಿಯ ಕೈಯಲ್ಲಿದೆ ಎಂದಲ್ಲ. 2017ರಲ್ಲಿ ಹಾಬ್ಸ್ ಮತ್ತು ಕೋಹೆನ್ ಅವರ ತಂಡವೇ ತೋರಿಸಿದಂತೆ, ಪಿಎನ್‌ಪಿಎಲ್‌ಎ3ರ ರೂಪಾಂತರ ತೆಳ್ಳಗಿರುವವರಲ್ಲಿ ಹೆಚ್ಚು ಸದ್ದು ಮಾಡುವುದಿಲ್ಲ. ದೇಹದ ತೂಕ ಏರಿದಂತೆ ಅದರ ಪರಿಣಾಮವೂ ಹಿಗ್ಗುತ್ತದೆ. ಆದ್ದರಿಂದ ಈ ರೂಪವನ್ನು ಹೊತ್ತು ಹುಟ್ಟಿದವರಿಗೆ ತೂಕ ಇಳಿಸುವುದರಿಂದ ಸಿಗುವ ಲಾಭ ಉಳಿದವರಿಗಿಂತ ಹೆಚ್ಚೇ ಇರುವ ಸಾಧ್ಯತೆಯಿದೆ. ಅಂಥವರ ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಸಹಜವಾಗಿಯೇ ಕಾಣಬಹುದು; ಯಕೃತ್ತಿನ ಸ್ಥಿತಿ ತಿಳಿಯಬೇಕಾದರೆ ಯಕೃತ್ತನ್ನೇ ಪರೀಕ್ಷಿಸಬೇಕು.