ಬ್ರಯರ್ ಪೈಪನ್ನು ಒಳಗಿನಿಂದ ನೋಡುವ ಕ್ರಮ

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರ ಮನೆಯ ಹೆಣ್ಣುಮಗಳೊಬ್ಬರು ತಮ್ಮ ಅಜ್ಜನು ತಂಬಾಕು ಸೇದುವ ಎರಡು ಪೈಪುಗಳನ್ನು ನನ್ನ ಕಾರ್ಯಾಗಾರಕ್ಕೆ ತಂದಿದ್ದರು. ಒಂದರ ಬಟ್ಟಲಿನ ಸುತ್ತ ಮರದ ಎಳೆಗಳು ಬೆಂಕಿಯ ನಾಲಗೆಗಳಂತೆ ಮೇಲೇರಿದ್ದವು. ಕಂಡವರು ಕೈಗೆತ್ತಿಕೊಳ್ಳದೆ ಇರಲಾರದಂಥ ಪೈಪು ಅದು. ಇನ್ನೊಂದು ಕಪ್ಪು ಬಣ್ಣ ಹಾಕಿದ, ಯಾವ ವಿಶೇಷವೂ ಕಾಣದ ನೇರ ಪೈಪು. "ಇವೆರಡರಲ್ಲಿ ಒಳ್ಳೆಯದು ಯಾವುದು ಸರ್?" ಎಂದು ಅವರು ಕೇಳಿದಾಗ, ನಾನು ಎರಡರ ಮೂತಿಯಿಂದಲೂ ನೂಲು ಸುತ್ತಿದ ಸಪೂರ ತಂತಿಯನ್ನು, ಅಂದರೆ ಪೈಪ್ ಕ್ಲೀನರನ್ನು, ಒಳಕ್ಕೆ ತಳ್ಳಿ ನೋಡಿದೆ. ಕಪ್ಪು ಪೈಪಿನಲ್ಲಿ ತಂತಿ ಎಲ್ಲಿಯೂ ತಡೆಯದೆ ಬಟ್ಟಲಿನ ತಳದ ನಟ್ಟನಡುವೆ ಹೊರಬಂದಿತು. ಚೆಂದದ ಪೈಪಿನಲ್ಲಿ ಅದು ಮೂತಿಯೂ ಮರವೂ ಕೂಡುವಲ್ಲಿ ಸಿಕ್ಕಿಕೊಂಡಿತು. ಬಿಡಿಸಿ ನೋಡಿದರೆ ಹೊಗೆಯ ರಂಧ್ರವು ತಳಕ್ಕಿಂತ ಸುಮಾರು 4 ಮಿಲಿಮೀಟರ್ ಮೇಲೆ ತೆರೆದುಕೊಂಡಿತ್ತು. ಕಪ್ಪು ಪೈಪಿನ ಮೂತಿಯಲ್ಲಿ ಹಲ್ಲಿನ ಗುರುತುಗಳು ಆಳವಾಗಿದ್ದವು, ಚೆಂದದ ಪೈಪಿನದರಲ್ಲಿ ಒಂದೂ ಇರಲಿಲ್ಲ. ಅಜ್ಜ ದಿನವೂ ಕೈಗೆತ್ತಿಕೊಳ್ಳುತ್ತಿದ್ದದ್ದು ಯಾವುದನ್ನು ಎಂಬುದು ಅಷ್ಟರಲ್ಲೇ ತಿಳಿಯುತ್ತಿತ್ತು.

ಕೈಯಿಂದ ಮಾಡಿದ ಬ್ರಯರ್ ಪೈಪುಗಳ ಬಗ್ಗೆ ನನ್ನಲ್ಲಿಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಎಳೆಯ ಚೆಲುವನ್ನು ಕುರಿತವು. ಸಂಗ್ರಹಕಾರರು ಬೆಲೆ ಕೊಡುವುದೂ ಅದಕ್ಕೆ. ಆದರೆ ನುರಿತ ಕುಶಲಕರ್ಮಿಯ ಕೈಯನ್ನು ಗುರುತಿಸಬೇಕಾದದ್ದು ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಎಂಬುದು ಹಳೆಯ ಪೈಪುಗಳನ್ನು ಬಿಚ್ಚಿ ದುರಸ್ತಿ ಮಾಡುತ್ತ ನಾನು ಕಂಡುಕೊಂಡ ಸಂಗತಿ. ಎಳೆಯನ್ನು ಮರ ಕೊಡುತ್ತದೆ. ಆ ಎಳೆಗೂ ರಂಧ್ರಕ್ಕೂ ಹೊಂದಿಕೆ ತರುವ ಕೆಲಸವನ್ನು ಮನುಷ್ಯನೇ ಮಾಡಬೇಕು.

ಬ್ರಯರ್ ಎಂದರೆ ಮುಳ್ಳಿನ ಗುಲಾಬಿ ಎಂದು ತಿಳಿದವರಿದ್ದಾರೆ. ಹಾಗಲ್ಲ. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕುರುಚಲು ಗುಡ್ಡಗಳಲ್ಲಿ, ಅಂದರೆ ಇಟಲಿಯ ಕಲಾಬ್ರಿಯಾ, ಕೋರ್ಸಿಕಾ, ಸಾರ್ಡೀನಿಯಾ, ಗ್ರೀಸ್ ಮತ್ತು ಅಲ್ಜೀರಿಯಾಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಗಿಡ. ಫ್ರೆಂಚರ 'ಬ್ರುಯೇರ್' ಎಂಬ ಹೆಸರೇ ಇಂಗ್ಲಿಷರ ಬಾಯಲ್ಲಿ ಬ್ರಯರ್ ಆಯಿತು. ಪೈಪಿಗೆ ಬೇಕಾದದ್ದು ಇದರ ಕಾಂಡವೂ ಅಲ್ಲ, ಬೇರೂ ಅಲ್ಲ. ಅವೆರಡರ ನಡುವೆ ನೆಲದ ಮಟ್ಟದಲ್ಲಿ ದಶಕಗಳ ಕಾಲ ನಿಧಾನವಾಗಿ ಊದಿಕೊಳ್ಳುವ ಗಂಟು. ಒಣ ಬೇಸಿಗೆಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದಕ್ಕೂ, ಕಾಳ್ಗಿಚ್ಚು ಮೇಲಿನದನ್ನೆಲ್ಲ ಸುಟ್ಟುಹಾಕಿದ ಮೇಲೆ ಮತ್ತೆ ಚಿಗುರುವುದಕ್ಕೂ ಗಿಡ ಈ ಗಂಟನ್ನೇ ನೆಚ್ಚಿಕೊಂಡಿರುತ್ತದೆ. ಗಂಟಿನ ಮರ ದಟ್ಟ ಮತ್ತು ಗಟ್ಟಿ, ಬೆಂಕಿಗೆ ಬೇಗ ಜಗ್ಗುವುದಿಲ್ಲ. ಉರಿಯುವ ಎಲೆಯಿಂದ ಹೊರಡುವ ತೇವವನ್ನು ಒಂದಿಷ್ಟು ಹೀರಿಕೊಂಡು ಮತ್ತೆ ಬಿಟ್ಟುಕೊಡುತ್ತದೆ.

ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು ಒಮ್ಮೆ, ತಮ್ಮ ಹಾಲೆಮರದಲ್ಲಿ ಇಂಥದನ್ನು ಯಾಕೆ ತಿರುವಬಾರದು ಎಂದು ನನ್ನನ್ನು ಕೇಳಿದ್ದರು. ಹಾಲೆಮರ ಮೃದುವಾಗಿ, ನುಣುಪಾಗಿ ಉಳಿಗೆ ಒದಗುತ್ತದೆ, ಅರಗಿನ ಬಣ್ಣವನ್ನು ಸೊಗಸಾಗಿ ಹಿಡಿಯುತ್ತದೆ. ಆದರೆ ಕೆಂಡದ ಬಟ್ಟಲಾಗಿ ಅದು ಕೆಲವೇ ದಿನಗಳಲ್ಲಿ ಸುಟ್ಟುಹೋಗುತ್ತದೆ. ಬೀಟೆ ಗಟ್ಟಿಯೇನೋ ಹೌದು, ಆದರೆ ಅದರಲ್ಲಿನ ಎಣ್ಣೆಯ ಅಂಶ ಕಾವಿಗೆ ಹೊರಬರುತ್ತದೆ, ಅದರ ಧೂಳೇ ಅನೇಕರ ಮೈಗೆ ಆಗುವುದಿಲ್ಲ. ನಮ್ಮ ಹಿರಿಯರು ಚಿಲುಮೆಯನ್ನು ಮಣ್ಣಿನಲ್ಲಿ ಮಾಡಿದ್ದು ವಿವೇಕದ ಆಯ್ಕೆಯೇ. ಯುರೋಪಿನವರೂ ಬ್ರಯರ್ ಸಿಗುವ ತನಕ ಜೇಡಿಮಣ್ಣಿನ ಪೈಪುಗಳನ್ನೂ, ಟರ್ಕಿಯ ಎಸ್ಕಿಶೆಹಿರ್‌ನಲ್ಲಿ ಅಗೆದು ತೆಗೆಯುವ ಮೀರ್‌ಶಾಮ್ ಎಂಬ ಹಗುರವಾದ ಬಿಳಿ ಖನಿಜದಲ್ಲಿ ಕೆತ್ತಿದ ಪೈಪುಗಳನ್ನೂ ಬಳಸುತ್ತಿದ್ದರು. ಫ್ರಾನ್ಸಿನ ಜೂರಾ ಬೆಟ್ಟಗಳ ನಡುವಿನ ಸೇಂಟ್ ಕ್ಲೋಡ್ ಪಟ್ಟಣದ ಜನ ಯಾತ್ರಿಕರಿಗಾಗಿ ಜಪಮಾಲೆಯ ಮಣಿಗಳನ್ನು ತಿರುವುವುದರಲ್ಲಿ ಮೊದಲೇ ಪಳಗಿದ್ದರು; 1850ರ ದಶಕದಲ್ಲಿ ಬ್ರಯರ್ ಅವರ ಕೈಗೆ ಬಂದ ಮೇಲೆ ಆ ಪಟ್ಟಣ ಪೈಪುಗಳ ರಾಜಧಾನಿಯಾಯಿತು.

ಅಗೆದು ತೆಗೆದ ಗಂಟನ್ನು ಕೊಯ್ಯುವವರೆಗೂ ಒದ್ದೆಯಾಗಿಯೇ ಇಡಬೇಕು, ಇಲ್ಲವಾದರೆ ಒಳಗಿನ ನೀರು ಆತುರದಿಂದ ಹೊರಟು ಮರ ಸೀಳುತ್ತದೆ. ಕೊಯ್ಯುವವನು ತಿರುಗುವ ಗರಗಸದೆದುರು ಕೂತು ಗಂಟನ್ನು ಕೈಯಲ್ಲೇ ಹಿಡಿದು, ಪೈಪಿಗೆ ಒದಗದ ನಡುವಿನ ಕೆಂಪು ಭಾಗವನ್ನು ತೆಗೆದುಹಾಕಿ, ಬಿರುಕು ಮತ್ತು ಕೊಳೆತ ಜಾಗಗಳನ್ನು ತಪ್ಪಿಸುತ್ತ ತುಂಡು ಮಾಡುತ್ತಾನೆ. ಬೆರಳುಗಳಿಗೂ ಗರಗಸಕ್ಕೂ ಅಂಗುಲದ ಅಂತರವಿಟ್ಟುಕೊಂಡು ಮಾಡುವ ಈ ಕೆಲಸದ ಬಗ್ಗೆ ಪೈಪಿನ ಪ್ರಶಂಸೆಯಲ್ಲಿ ಯಾರೂ ಮಾತನಾಡದಿರುವುದು ನನಗೆ ಬೇಸರದ ವಿಷಯ. ಪೈಪಿನ ಅರ್ಧ ಭವಿಷ್ಯ ಅಲ್ಲಿಯೇ ತೀರ್ಮಾನವಾಗಿರುತ್ತದೆ. ಒಳಭಾಗದಿಂದ ಬರುವ ಚಿಕ್ಕ ತುಂಡುಗಳಿಗೆ ಎಬೋಶೋನ್ ಎಂದೂ, ಹೊರಸಿಪ್ಪೆಯನ್ನು ಉಳಿಸಿಕೊಂಡ ದೊಡ್ಡ ತುಂಡುಗಳಿಗೆ ಪ್ಲಾಟೋ ಎಂದೂ ಹೆಸರು. ಆಮೇಲೆ ಅವನ್ನು ಹಂಡೆಗಳಲ್ಲಿ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಕುದಿಸುತ್ತಾರೆ. ಮರದ ಒಗರು ಇಳಿಯುವುದು ಹೀಗೆ. ಒಣಗಿಸುವುದು ತಿಂಗಳುಗಟ್ಟಲೆಯ ಮಾತು. ಒಳ್ಳೆಯ ಕುಶಲಕರ್ಮಿಗಳು ವರ್ಷಗಟ್ಟಲೆ ಕಾಯುತ್ತಾರೆ.

ಗಂಟಿನ ಒಳಗೆ ಎಳೆಗಳು ನಡುವಿನಿಂದ ಹೊರಸಿಪ್ಪೆಯತ್ತ ಕಿರಣಗಳಂತೆ ಹೊರಡುತ್ತವೆ. ಎಳೆಯನ್ನು ಉದ್ದಕ್ಕೆ ನೋಡಿದರೆ ಗೆರೆ, ತುದಿಯಿಂದ ನೋಡಿದರೆ ಚುಕ್ಕೆ. ಈ ಚುಕ್ಕೆಗಳಿಗೇ ಹಕ್ಕಿಕಣ್ಣು ಎನ್ನುವುದು. ಹೊರಸಿಪ್ಪೆಯ ಭಾಗ ಬಟ್ಟಲಿನ ಬಾಯಿಗೆ ಬರುವಂತೆ ತುಂಡನ್ನು ಇಟ್ಟುಕೊಂಡರೆ, ಗೋಡೆಯ ಸುತ್ತ ಗೆರೆಗಳು ನೇರವಾಗಿ ಮೇಲೇರುತ್ತವೆ, ಬಾಯಿಯ ಅಂಚಿನಲ್ಲಿ ಮತ್ತು ತಳದಲ್ಲಿ ಹಕ್ಕಿಕಣ್ಣು ಮೂಡುತ್ತದೆ. ತುಂಡನ್ನು ಕಾಲು ಸುತ್ತು ತಿರುಗಿಸಿದರೆ ಹಕ್ಕಿಕಣ್ಣು ಬಟ್ಟಲಿನ ಎರಡು ಪಕ್ಕಗಳಿಗೆ ಬರುತ್ತದೆ. ಪೆನ್ಸಿಲಿನಿಂದ ತುಂಡಿನ ಮೇಲೆ ಪೈಪಿನ ರೂಪವನ್ನು ಗುರುತಿಸುವಾಗ ಕುಶಲಕರ್ಮಿ ಲೆಕ್ಕ ಹಾಕುತ್ತಿರುವುದು ಇದನ್ನೇ.

ಕಾರ್ಖಾನೆಯ ಪದ್ಧತಿಯಲ್ಲಿ ರೂಪ ಮೊದಲೇ ನಿಶ್ಚಿತವಾಗಿರುತ್ತದೆ. ರಂಧ್ರ ಕೊರೆದು, ಆ ಅಳತೆಯ ಸುತ್ತ ಹೊರಮೈಯನ್ನು ತಿರುವುತ್ತಾರೆ. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಕೋಪನ್‌ಹೇಗನ್‌ನಲ್ಲಿ ಪೈಪುಗಳ ದುರಸ್ತಿಯಿಂದ ಕೆಲಸ ಆರಂಭಿಸಿದ ಸಿಕ್ಸ್‌ಟೆನ್ ಇವಾರ್ಸನ್ ಈ ಕ್ರಮವನ್ನು ತಿರುವುಮುರುವು ಮಾಡಿದರು. ಎಳೆ ಹರಿದ ದಿಕ್ಕಿನಲ್ಲಿ ಹೊರರೂಪವನ್ನು ಮೊದಲು ಕೊಟ್ಟು, ಆ ರೂಪ ಕೇಳಿದ ಕೋನದಲ್ಲಿ ರಂಧ್ರವನ್ನು ಆಮೇಲೆ ಕೊರೆಯುವ ಡೇನಿಷ್ ಶೈಲಿ ಅವರಿಂದಲೇ ಬೇರೂರಿತು. ಮಗ ಲಾರ್ಸ್ ಮತ್ತು ಮೊಮ್ಮಗಳು ನನ್ನಾ ಅದೇ ಕೆಲಸವನ್ನು ಮುಂದುವರಿಸಿದರು. ದುರಸ್ತಿಯ ಕೆಲಸದಲ್ಲಿ ಪೈಪಿನ ಒಳಗಿನ ತಪ್ಪುಗಳನ್ನು ಕಂಡವರೇ ಹೊರರೂಪದಲ್ಲಿ ಇಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಲು ಧೈರ್ಯ ಮಾಡಬಲ್ಲರು ಎಂದು ನನಗೆ ಅನ್ನಿಸುತ್ತದೆ. ಹಿಡಿಯಲು ಸಮತಲವೇ ಇಲ್ಲದ, ಬಾಗಿದ ಮರದೊಳಗೆ ಬೈರಿಗೆಯನ್ನು ಗುರಿ ತಪ್ಪದಂತೆ ನಡೆಸುವುದು ಸುಲಭದ ಕೆಲಸವಲ್ಲ.

ಕೊರೆಯಬೇಕಾದ ರಂಧ್ರಗಳು ಮೂರು: ಎಲೆ ತುಂಬುವ, ಸಾಮಾನ್ಯವಾಗಿ 19ರಿಂದ 20 ಮಿಲಿಮೀಟರ್ ಅಗಲದ ಬಟ್ಟಲು, ಬಟ್ಟಲಿನಿಂದ ಮೂತಿಯತ್ತ ಚಾಚಿದ ಮರದ ಕತ್ತಿನ ಮೂಲಕ ಹಾಯುವ 3.5ರಿಂದ 4 ಮಿಲಿಮೀಟರ್‌ನ ಹೊಗೆದಾರಿ, ಮತ್ತು ಮೂತಿಯ ಗೂಟ ಕೂರುವ ಕುಳಿ. ಹೊಗೆದಾರಿ ಬಟ್ಟಲಿನ ತಳಕ್ಕೆ ಸರಿಯಾಗಿ ತಾಗಿ ತೆರೆಯಬೇಕು. ಮೇಲಕ್ಕೆ ತೆರೆದರೆ ಅದರ ಕೆಳಗಿನ ಎಲೆ ಉರಿಯದೆ, ನೆನೆದ ಮುದ್ದೆಯಾಗಿ ಉಳಿದು ವಾಸನೆ ಹಿಡಿಯುತ್ತದೆ. ಕೆಳಕ್ಕೆ ಇಳಿದರೆ ತಳದ ಮರ ತೆಳುವಾಗಿ ಸುಟ್ಟುಹೋಗುವ ಅಪಾಯವಿದೆ. ಇನ್ನು ಮೂತಿಯ ಗೂಟ ಕುಳಿಯ ಕೊನೆಯನ್ನು ಮುಟ್ಟದೆ ಗಿಡ್ಡವಾಗಿದ್ದರೆ ಅಲ್ಲೊಂದು ಸಣ್ಣ ಕೋಣೆಯೇ ಉಂಟಾಗುತ್ತದೆ. ಕಿರಿದಾದ ದಾರಿಯಲ್ಲಿ ಬಂದ ಬಿಸಿ ಹೊಗೆ ಆ ಕೋಣೆಯಲ್ಲಿ ಹರಡಿ, ನಿಧಾನವಾಗಿ, ತಣಿದು ನೀರಾಗುತ್ತದೆ. ಪೈಪು ಗೊಳಗೊಳ ಸದ್ದು ಮಾಡುತ್ತದೆ ಎಂದು ದೂರುವವರ ಪೈಪುಗಳಲ್ಲಿ ಬಹುಪಾಲು ನನಗೆ ಸಿಗುವ ದೋಷ ಇದೇ, ಮತ್ತು ಅವರು ಅದುವರೆಗೆ ಎಲೆಯನ್ನೋ ತಮ್ಮ ಸೇದುವ ರೀತಿಯನ್ನೋ ಹಳಿದುಕೊಂಡಿರುತ್ತಾರೆ. ಇದಕ್ಕೆ ಬೇರೊಂದು ಪರಿಹಾರವನ್ನು ಡಬ್ಲಿನ್ನಿನ ಪೀಟರ್ಸನ್ ಸಂಸ್ಥೆ 1890ರಲ್ಲಿ ಪೇಟೆಂಟ್ ಮಾಡಿಕೊಂಡಿತು: ಕತ್ತಿನೊಳಗೇ ಒಂದು ಕುಳಿ ತೋಡಿ, ನೀರು ಅಲ್ಲಿ ಇಳಿದು ಬಾಯಿಗೆ ಬಾರದಂತೆ ಮಾಡಿದ ವಿನ್ಯಾಸ ಅದು.

ಮೂತಿಯ ತುದಿಯಲ್ಲಿ ಹಲ್ಲಿಗೆ ಹಿತವಾಗಬೇಕಾದರೆ ಒಟ್ಟು ದಪ್ಪ 4 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. 4 ಮಿಲಿಮೀಟರಿನ ಗುಂಡು ರಂಧ್ರ ಅಷ್ಟರೊಳಗೆ ಹಿಡಿಸುವುದಿಲ್ಲ. ಆದ್ದರಿಂದ ಅದನ್ನು ಬೀಸಣಿಗೆಯಂತೆ ಅಗಲಿಸುತ್ತ, ಎತ್ತರ ಕಡಿಮೆ ಮಾಡುತ್ತ ಹೋಗಬೇಕು. ಗುಂಡು ರಂಧ್ರದ ವಿಸ್ತಾರ ಸುಮಾರು 12.5 ಚದರ ಮಿಲಿಮೀಟರ್. ಸೀಳಿನ ಎತ್ತರ 1.5 ಮಿಲಿಮೀಟರ್ ಮಾತ್ರ ಸಿಕ್ಕುವುದಾದರೆ ಅಗಲ 8 ಮಿಲಿಮೀಟರಿಗೂ ತುಸು ಹೆಚ್ಚಿರಬೇಕು. ಸಣ್ಣ ಅರಗಳಿಂದ ಗಂಟೆಗಟ್ಟಲೆ ಮಾಡುವ ಈ ಕೆಲಸ ಹೊರಗೆ ಎಲ್ಲಿಯೂ ಕಾಣುವುದಿಲ್ಲ. ಕೈಕೆಲಸದ ಪೈಪಿನ ಬೆಲೆ ಯಾಕಷ್ಟು ಎಂದು ಕೇಳುವವರಿಗೆ ನಾನು ಮೂತಿಯನ್ನು ಬಿಚ್ಚಿ ಬೆಳಕಿಗೆ ಹಿಡಿದು ತೋರಿಸುತ್ತೇನೆ. ಮೂತಿಗೆ ಬಳಸುವುದು ಹಲ್ಲಿಗೆ ಮೆದುವಾದ ಎಬೊನೈಟ್, ಇಲ್ಲವೇ ಬಣ್ಣ ಮಾಸದ ಅಕ್ರಿಲಿಕ್. ಎಬೊನೈಟ್ ಎಂದರೆ ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರ್. ಹಳೆಯ ಶಾಯಿ ಪೆನ್ನುಗಳ ಮೈ ಇದರದೇ.

ಸಂಗ್ರಹಕಾರರು ತಿಳಿದಿರಬೇಕಾದ ಇನ್ನೊಂದು ಸಂಗತಿ ಮರದೊಳಗಿನ ಕುಳಿಗಳದ್ದು. ಗಂಟು ಬೆಳೆಯುವಾಗ ಉಳಿದುಕೊಂಡ ಪುಟ್ಟ ಪೊಳ್ಳುಗಳು ಕೆತ್ತನೆಯ ಕೊನೆಯ ಹಂತದಲ್ಲಿ, ಎಲ್ಲ ಶ್ರಮ ಮುಗಿದ ಮೇಲೆ ಮೇಲ್ಮೈಗೆ ಬರುವುದುಂಟು. ಆಗ ಕೆಲವರು ಅವನ್ನು ಲಪ್ಪದಿಂದ ಮುಚ್ಚುತ್ತಾರೆ. ಅಗ್ಗದ ಪೈಪಿನಲ್ಲಿ ಅದು ತಪ್ಪಲ್ಲ, ಸೇದುವುದಕ್ಕೆ ಅದರಿಂದ ತೊಂದರೆಯೂ ಇಲ್ಲ. ಮುಚ್ಚಿದ್ದನ್ನು ಹೇಳದೆ ದೊಡ್ಡ ಬೆಲೆಗೆ ಮಾರುವುದು ಮಾತ್ರ ಮೋಸ. ವರ್ಷಗಳು ಕಳೆದಂತೆ ಮರ ಕಪ್ಪಾಗುತ್ತದೆ, ಲಪ್ಪ ಪೇಲವವಾಗಿಯೇ ಉಳಿದು ತಾನಾಗಿ ತೋರಿಕೊಳ್ಳುತ್ತದೆ. ಇದಕ್ಕಿಂತ ಘನವಾದ ದಾರಿಯನ್ನು ಲಂಡನ್ನಿನ ಆಲ್‌ಫ್ರೆಡ್ ಡನ್‌ಹಿಲ್ 1917ರ ಪೇಟೆಂಟಿನಲ್ಲಿ ತೋರಿಸಿದರು. ಮೇಲ್ಮೈಗೆ ಒತ್ತಡದಲ್ಲಿ ಮರಳನ್ನು ಚಿಮ್ಮಿಸಿದರೆ ಮೃದುಭಾಗ ಸವೆದು, ವರ್ಷದಿಂದ ವರ್ಷಕ್ಕೆ ಬೆಳೆದ ಉಂಗುರಗಳು ದಿಣ್ಣೆಗಳಾಗಿ ಎದ್ದು ನಿಲ್ಲುತ್ತವೆ. ಇಂಥ ಪೈಪು ಹಗುರ, ಕೈಗೆ ತಂಪು. ಅದನ್ನು ಎರಡನೇ ದರ್ಜೆ ಎಂದು ಬದಿಗಿಡುವುದನ್ನು ನಾನು ಒಪ್ಪುವುದಿಲ್ಲ.

ಆರಂಭದ ವರ್ಷಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಗ್ರಾಹಕರೊಬ್ಬರ ಹಳೆಯ ಪೈಪನ್ನು ಹೊಳೆಯಿಸುವ ಉತ್ಸಾಹದಲ್ಲಿ ಕತ್ತಿನ ಭಾಗವನ್ನು ಹೊಳಪಿನ ಚಕ್ರಕ್ಕೆ ಹೆಚ್ಚು ಹೊತ್ತು ಹಿಡಿದೆ. ಅಲ್ಲಿದ್ದ ತಯಾರಕರ ಮುದ್ರೆ ಅರ್ಧ ಅಳಿಸಿಹೋಯಿತು. ಪೈಪು ಎಲ್ಲಿಯದು, ಯಾವ ಕಾಲದ್ದು ಎಂಬುದಕ್ಕೆ ಆ ಅಕ್ಷರಗಳೇ ಆಧಾರ. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ, ಆದರೆ ತಂದೆಯ ವಸ್ತುವೊಂದರ ಗುರುತನ್ನು ನಾನು ಅಳಿಸಿದ್ದೆ. ಅಂದಿನಿಂದ ಮುದ್ರೆಯ ಮೇಲೆ ಅಂಟುಪಟ್ಟಿ ಹಚ್ಚದೆ ಯಾವ ಪೈಪನ್ನೂ ನಾನು ಚಕ್ರದ ಬಳಿಗೆ ಒಯ್ಯುವುದಿಲ್ಲ.

ಸೇದುವುದರ ಬಗ್ಗೆ ನನ್ನ ಮಾತು ಸ್ಪಷ್ಟ. ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ತುಟಿ, ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಅದು ಕಾರಣವಾಗುತ್ತದೆ. ಸೇದುವ ಅಭ್ಯಾಸವಿಲ್ಲದವರು ಈ ಕೈಕೆಲಸವನ್ನು ಮೆಚ್ಚುವುದಕ್ಕಾಗಿ ಅದನ್ನು ಹಚ್ಚಿಕೊಳ್ಳಬೇಕಾಗಿಲ್ಲ; ನನ್ನ ಗ್ರಾಹಕರಲ್ಲಿ ಎಷ್ಟೋ ಮಂದಿ ಪೈಪನ್ನು ಹಚ್ಚಿದವರೇ ಅಲ್ಲ. ಬಳಸುತ್ತಿರುವವರ ಪೈಪಿನಲ್ಲಿ ನಾನು ಮೊದಲು ಅಳೆಯುವುದು ಬಟ್ಟಲಿನ ಒಳಗೋಡೆಯ ಕರಿಪದರವನ್ನು. ಒಂದು ಮಿಲಿಮೀಟರಿನಷ್ಟಿದ್ದರೆ ಅದು ಮರವನ್ನು ಕಾಯುತ್ತದೆ. ಬೆಳೆಯಗೊಟ್ಟರೆ ಕಾವಿನಲ್ಲಿ ಮರಕ್ಕಿಂತ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಬಿಸಿಯಾಗಿರುವಾಗ ಮೂತಿಯನ್ನು ಕೀಳಬಾರದು. ಗೂಟ ಮುರಿದ ಪೈಪುಗಳು ನನ್ನಲ್ಲಿಗೆ ಬರುವುದು ಈ ಕಾರಣದಿಂದಲೇ.

ಮಲೆನಾಡಿನ ಮನೆಗಳಿಂದ ಬರುವ ಪೈಪುಗಳಿಗೆ ದೊಡ್ಡ ಶತ್ರು ಬೂಷ್ಟು. ಬಟ್ಟಲಿನಲ್ಲಿ ಉಳಿದ ಎಲೆ ಮತ್ತು ತೇವ ಎರಡು ಮಳೆಗಾಲಗಳಲ್ಲಿ ಒಳಮರವನ್ನು ಹಾಳುಮಾಡುತ್ತವೆ. ಹೊಗೆದಾರಿಯನ್ನು ಆಲ್ಕೋಹಾಲ್ ತೋಯಿಸಿದ ತಂತಿಯಿಂದ, ತಂತಿ ಬೆಳ್ಳಗೆ ಹೊರಬರುವವರೆಗೆ ಶುಚಿ ಮಾಡಿ, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಲ್ಲದೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ ಇಡಬೇಕು. ಆಲ್ಕೋಹಾಲ್ ಹೊರಮೈಗೆ ತಾಗಿದರೆ ಬಣ್ಣ ಬಿಡುತ್ತದೆ. ಬಿಸಿಲು ತಾಗಿದರೆ ಎಬೊನೈಟ್ ಹಸಿರುಮಿಶ್ರಿತ ಕಂದಾಗಿ ನಾಲಗೆಗೆ ಕಹಿಯಾಗುತ್ತದೆ.

ಸಕಲೇಶಪುರದ ಕಪ್ಪು ಪೈಪನ್ನು ನಾನು ಶುಚಿ ಮಾಡಿ, ಕಾರ್ನೂಬಾ ಮೇಣದಿಂದ ತಿಕ್ಕಿದ್ದು ಬಿಟ್ಟರೆ ಬೇರೇನನ್ನೂ ಮಾಡಲಿಲ್ಲ. ಚೆಂದದ ಪೈಪಿನ ಹೊಗೆದಾರಿಯನ್ನು ಕೆಳಕ್ಕೆ ಸರಿಸುವುದು ಯಾರಿಂದಲೂ ಆಗದು. ಅದನ್ನು ನೋಡಲೆಂದೇ ಇಟ್ಟುಕೊಳ್ಳಿ ಎಂದು ಹೇಳಿದೆ. ಆದರೂ ಅವರು ಕೇಳಿಕೊಂಡದ್ದರಿಂದ, ಕುಳಿಯ ಕೊನೆಯನ್ನು ಮುಟ್ಟುವಂತೆ ಗೂಟವನ್ನು ಉದ್ದಮಾಡಿ ಹೊಸದೊಂದು ಎಬೊನೈಟ್ ಮೂತಿ ಮಾಡಿಕೊಟ್ಟೆ. ಮೂಲದ ಮೂತಿಯನ್ನು ಬೇರೆ ಚೀಲದಲ್ಲಿ ಹಾಕಿ, ಬದಲಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು, ಪೈಪಿನ ಜೊತೆಯಲ್ಲೇ ಕಟ್ಟಿ ಕಳಿಸಿದೆ.