2 ಜಿಬಿ ರ‍್ಯಾಮ್ ಫೋನಿನಲ್ಲಿ ಊರಿನ ನಕ್ಷೆ

ಊರಿನ ಬೋರ್‌ವೆಲ್, ಅಂಗನವಾಡಿ, ಕೆರೆ ಕೋಡಿಗಳನ್ನು ನಕ್ಷೆಗೆ ಏರಿಸಲು ಹೊರಟಾಗ ಕೆಲಸ ಕೆಟ್ಟರೆ ಎಲ್ಲರೂ ಮೊದಲು ಬೈಯುವುದು ಜಿಪಿಎಸ್ಸನ್ನು. ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ತಪ್ಪು ಎಷ್ಟೋ ಸಲ ರ‍್ಯಾಮ್‌ನದು.

ಸ್ಥಳದಲ್ಲೇ ಫಾರಂ ತುಂಬಿ ಮಾಹಿತಿ ಸಂಗ್ರಹಿಸುವ ಓಡಿಕೆ ಕಲೆಕ್ಟ್‌ನಂಥ ಆ್ಯಪ್‌ನಲ್ಲಿ ಅರ್ಧ ಫಾರಂ ತುಂಬಿ ಫೋಟೊ ತೆಗೆಯಲು ಹೋಗುತ್ತೀರಿ. ಕ್ಯಾಮೆರಾಗೆ ಜಾಗ ಮಾಡಿಕೊಡಲು ಆಂಡ್ರಾಯ್ಡ್ ಹಿಂದಿನ ಆ್ಯಪನ್ನೇ ಮುಚ್ಚಿಬಿಡಬಹುದು. 12 ಮೆಗಾಪಿಕ್ಸೆಲ್ ಫೋಟೊ ಮೆಮೊರಿ ಕಾರ್ಡಿನಲ್ಲಿ ಮೂರ್ನಾಲ್ಕು ಎಂಬಿ ಇದ್ದೀತು. ಪೂರ್ತಿ ಬಿಚ್ಚಿದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ ರ‍್ಯಾಮ್ ನುಂಗುತ್ತದೆ. ಫಾರಂ ಸಿದ್ಧಪಡಿಸುವಾಗಲೇ ಫೋಟೊ ಪ್ರಶ್ನೆಗೆ 'ಮ್ಯಾಕ್ಸ್-ಪಿಕ್ಸೆಲ್ಸ್' 1024 ಎಂದು ಕೊಟ್ಟರೆ ಉದ್ದನೆಯ ಬದಿ ಅಷ್ಟಕ್ಕೆ ಇಳಿಯುತ್ತದೆ, ಕಳುಹಿಸುವ ಡೇಟಾವೂ ಉಳಿಯುತ್ತದೆ. ಸ್ವಂತ ಆ್ಯಪ್ ಕಟ್ಟುವವರು ಪ್ರತಿ ಉತ್ತರವನ್ನೂ ಆಗಿಂದಾಗಲೇ ಸೇವ್ ಮಾಡಬೇಕು. ಪರೀಕ್ಷೆ ಸುಲಭ: ಡೆವಲಪರ್ ಆಪ್ಷನ್ಸ್‌ನಲ್ಲಿ 'ಡೋಂಟ್ ಕೀಪ್ ಆಕ್ಟಿವಿಟೀಸ್' (ಬಿಟ್ಟುಹೋದ ಪರದೆಯನ್ನು ಕೂಡಲೇ ಮುಚ್ಚಿಸುವ ಆಯ್ಕೆ) ಆನ್ ಮಾಡಿ, ಒಂದು ಫೋಟೊ ತೆಗೆದು ಹಿಂದಕ್ಕೆ ಬನ್ನಿ. ಫಾರಂ ಖಾಲಿಯಾಗಿದ್ದರೆ ಆ ಆ್ಯಪನ್ನು ಯಾರ ಕೈಗೂ ಕೊಡಬೇಡಿ.

ನಡೆದ ದಾರಿ ದಾಖಲಿಸುವಾಗ ಕೆರೆಯ ಮಧ್ಯೆಯೇ ಹಾದುಹೋದಂತೆ ನೇರ ಗೆರೆ ಬಿದ್ದರೆ, ಬ್ಯಾಟರಿ ಉಳಿಸಲು ಫೋನು ಅಷ್ಟು ಹೊತ್ತು ಆ್ಯಪನ್ನು ನಿಲ್ಲಿಸಿತ್ತೆಂದೇ ಶಂಕಿಸಿ. ಆ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ.

ನೆಟ್‌ವರ್ಕ್ ಇಲ್ಲದ ಕಡೆಗೆ ಹಿನ್ನೆಲೆ ನಕ್ಷೆಯನ್ನು ಮೊದಲೇ ತುಂಬಿಕೊಳ್ಳಬೇಕು. ಇಲ್ಲಿ ಆಸೆ ಅತಿಯಾಗಬಾರದು. ಉದ್ದಗಲ 10 ಕಿ.ಮೀ. ಇರುವ ಪ್ರದೇಶಕ್ಕೆ 17ನೇ ಜೂಮ್‌ನಲ್ಲಿ (ಸಂಖ್ಯೆ ಏರಿದಷ್ಟೂ ನಕ್ಷೆ ಹತ್ತಿರದಿಂದ ಕಾಣುತ್ತದೆ) ಸುಮಾರು 1,100 ಚಿತ್ರತುಣುಕು, ಅಂದರೆ ನಕ್ಷೆಯನ್ನು ಜೋಡಿಸುವ ಚಿಕ್ಕ ಚೌಕಗಳು, ಬೇಕು, 18ರಲ್ಲಿ 4,500, 19ರಲ್ಲಿ 18,000. 18ಕ್ಕೆ ನಿಲ್ಲಿಸಿ. ಬಿಡಿ ಫೈಲುಗಳಾಗಿಯೂ ಇಡಬೇಡಿ. ಜಾಗವನ್ನು 32 ಕೆಬಿಯ ಬ್ಲಾಕುಗಳಾಗಿಯೇ ಹಂಚುವ ಕಾರ್ಡಿನಲ್ಲಿ 5 ಕೆಬಿ ತುಣುಕೂ 32 ಕೆಬಿ ಜಾಗ ಹಿಡಿಯುತ್ತದೆ. ಎಂಬಿಟೈಲ್ಸ್ ಎಂಬ ಫೈಲ್ ಮಾದರಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟುತ್ತದೆ. ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸರ್ವರಿನಿಂದ ತುಣುಕುಗಳನ್ನು ಸಗಟಾಗಿ ಇಳಿಸುವುದು ನಿಷಿದ್ಧ. ಅದರ ಡೇಟಾ ಮಾತ್ರ ಮುಕ್ತ. ಅದನ್ನು ಬಳಸಿ, ನಕ್ಷೆ ತಯಾರಿಸುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ನೀವೇ ಎಂಬಿಟೈಲ್ಸ್ ಮಾಡಿಕೊಳ್ಳಿ.

ಇನ್ನು ಜಿಪಿಎಸ್. ಇಂಟರ್ನೆಟ್ ಇದ್ದರೆ ಉಪಗ್ರಹಗಳ ಕಕ್ಷೆಯ ವಿವರ ಅಲ್ಲಿಂದಲೇ ಬರುತ್ತದೆ. ಇಲ್ಲದಿದ್ದರೆ ಉಪಗ್ರಹವೇ ಸೆಕೆಂಡಿಗೆ 50 ಬಿಟ್‌ನಂತೆ ಹೇಳಬೇಕು. ಆ ವಿವರ ಮರುಕಳಿಸುವುದು 30 ಸೆಕೆಂಡಿಗೊಮ್ಮೆ. ಅಡಿಕೆ ಮರದ ಕೆಳಗೆ ನಡುವೆ ತಪ್ಪಿಹೋದರೆ ಮುಂದಿನ ಸುತ್ತಿಗೆ ಕಾಯಬೇಕು. ಹಾಗಾಗಿ ತೋಟಕ್ಕೆ ಇಳಿಯುವ ಮೊದಲೇ ಬಯಲಲ್ಲಿ ಎರಡು ನಿಮಿಷ ನಿಂತು ಸ್ಥಳ ಹಿಡಿಸಿ. ಓಡಿಕೆ ತಾನಾಗಿ ಬಿಂದು ದಾಖಲಿಸಲು 5 ಮೀಟರ್ ನಿಖರತೆಗೆ ಕಾಯುತ್ತದೆ. ದಟ್ಟ ತೋಟದಲ್ಲಿ ಅದು ಸಿಗದೇ ಹೋಗಬಹುದು, ಮಿತಿಯನ್ನು 10ಕ್ಕೆ ಏರಿಸಿ. ಬೋರ್‌ವೆಲ್ ಗುರುತಿಸಲು ಅಷ್ಟು ಸಾಕು. ಇಬ್ಬರ ಜಮೀನಿನ ಗಡಿ ಅಳೆಯಲು ಮಾತ್ರ ಇದನ್ನು ಬಳಸಬೇಡಿ.