ಓದುಗರ ಪ್ರಶ್ನೆ: ಮೊಬೈಲ್ ನಕ್ಷೆಯಲ್ಲಿ ನಮ್ಮ ತೋಟದ ಗೆರೆ ಹಳ್ಳದಾಚೆ ಯಾಕೆ ಬಿದ್ದಿದೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮ ಅಡಿಕೆ ತೋಟ. ದಿಶಾಂಕ್ ಆ್ಯಪ್ ಹಿಡಿದು ಬೇಲಿ ಪಕ್ಕ ನಿಂತರೆ ನಮ್ಮ ಸರ್ವೆ ನಂಬರಿನ ಗೆರೆ ಹಳ್ಳ ದಾಟಿ ಪಕ್ಕದವರ ತೋಟದೊಳಗೆ ಇಪ್ಪತ್ತು ಹೆಜ್ಜೆ ಹೋಗಿದೆ. ಜಾಗ ನಮ್ಮದೋ, ನಕ್ಷೆಯೇ ತಪ್ಪೋ?

ಉತ್ತರ: ಆ ಗೆರೆ ನಂಬಿ ಬೇಲಿ ಕೀಳಲು ಹೋಗಬೇಡಿ. ಮೊದಲು ಪರದೆಯನ್ನು ಸ್ವಲ್ಪ ಕಿರಿದು ಮಾಡಿ ಇಡೀ ಊರಿನ ಗೆರೆಗಳನ್ನು ನೋಡಿ. ಗದ್ದೆಯ ಬದು, ಕೆರೆ ಏರಿ, ರಸ್ತೆ ಎಲ್ಲವೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಅಷ್ಟೇ ದೂರ ಸರಿದಿದ್ದರೆ ನಕ್ಷೆ ಕೂರಿಸಿದ್ದರಲ್ಲಿ ವ್ಯತ್ಯಾಸವಾಗಿದೆ. ಸುತ್ತಲಿನ ಎಲ್ಲವೂ ಸರಿಯಾಗಿ ಕೂತು ನಿಮ್ಮದೊಂದೇ ತಪ್ಪಿದ್ದರೆ ಆಗ ಹಳ್ಳ ಪಾತ್ರ ಬದಲಿಸಿತೇ, ಬೇಲಿ ಸರಿಯಿತೇ ಎಂದು ವಿಚಾರಿಸಬೇಕು. ಹತ್ತರಲ್ಲಿ ಎಂಟು ಜಗಳ ಇಷ್ಟು ನೋಡಿದರೇ ತಣ್ಣಗಾಗುತ್ತವೆ.

ಆ ಗೆರೆ ಉಪಗ್ರಹ ಎಳೆದದ್ದಲ್ಲ. ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಜಿಐಎಸ್ (ಕಂಪ್ಯೂಟರ್ ನಕ್ಷೆ) ಟೆಕ್ನಿಷಿಯನ್ ಒಬ್ಬರು ಅದರ ಮೇಲೆ ಮೌಸ್ ಆಡಿಸಿ ತಿದ್ದಿ ಎಳೆದ ಗೆರೆ. ನಮ್ಮ ಕಡೆಯ ಹೆಚ್ಚಿನ ಗ್ರಾಮ ನಕ್ಷೆಗಳು 1:7920 ಪ್ರಮಾಣದವು, ಅಂದರೆ ನೆಲದ ಒಂದು ಮೈಲಿ ಕಾಗದದಲ್ಲಿ 8 ಅಂಗುಲ. ಶಾಯಿ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ನೆಲದ ಮೇಲೆ ಅದೇ 4 ಮೀಟರ್. ಮಲೆನಾಡಿನ ಮಳೆಗಾಲದ ತೇವ ಕುಡಿದು, ಮಡಿಕೆ ಬಿದ್ದು, ಒಣಗಿದ ಹಾಳೆ ಕುಗ್ಗಿರುತ್ತದೆ. 50 ಸೆಂಟಿಮೀಟರ್ ಹಾಳೆ ಶೇ 1ರಷ್ಟು ಕುಗ್ಗಿದರೂ 5 ಮಿಲಿಮೀಟರ್ ಆಯಿತು, ನೆಲದಲ್ಲಿ ಸುಮಾರು 40 ಮೀಟರ್. ಎಲ್ಲ ಕಡೆ ಸಮವಾಗಿ ಕುಗ್ಗಿದ್ದನ್ನು ಸರಿಪಡಿಸಬಹುದು. ಒಂದು ಮೂಲೆ ಮಾತ್ರ ಸುಕ್ಕಾಗಿದ್ದರೆ ತಲೆನೋವು.

ಸ್ಕ್ಯಾನ್ ಮಾಡಿದ ಹಾಳೆಗೆ ಅಕ್ಷಾಂಶ, ರೇಖಾಂಶ ಗೊತ್ತಿಲ್ಲ. ಅದನ್ನು ನೆಲಕ್ಕೆ ಹೊಂದಿಸುವ ಕೆಲಸಕ್ಕೆ ಜಿಯೋರೆಫರೆನ್ಸಿಂಗ್ ಎನ್ನುತ್ತಾರೆ. ಎಡವುವುದು ಹೆಚ್ಚಾಗಿ ಇಲ್ಲೇ. ನಕ್ಷೆಯಲ್ಲೂ ನೆಲದಲ್ಲೂ ಖಚಿತವಾಗಿ ಗುರುತಿಸಬಲ್ಲ ಬಿಂದುಗಳು ಬೇಕು: ಮೂರು ಊರಿನ ಗಡಿ ಸೇರುವ ಕಲ್ಲು, ಕೆರೆ ಏರಿಯ ತುದಿ, ಹಳೆಯ ರಸ್ತೆಗಳು ಕೂಡುವ ಜಾಗ. ಶಿಕಾರಿಪುರದ ಬಯಲಿನಲ್ಲಿ ಇಂಥವು ಧಾರಾಳ. ಹೊಸನಗರದ ಕಡೆ ಬಂದರೆ ಒಂಟಿ ಮನೆ, ಕಾನು, ಸೊಪ್ಪಿನಬೆಟ್ಟ. ಮೇಲಿಂದ ನೋಡಿದರೆ ಬರೀ ಹಸಿರು. ಬೇಸತ್ತವರು ಹಳ್ಳದ ತಿರುವನ್ನೇ ಬಿಂದುವಾಗಿ ಹಿಡಿಯುತ್ತಾರೆ. ಹಳ್ಳವೋ, ನಾಲ್ಕು ಮಳೆಗಾಲ ಕಳೆದರೆ ಇದ್ದಲ್ಲಿ ಇರುವುದಿಲ್ಲ.

ಬಿಂದು ಎಷ್ಟು? ಸರಳ ಹೊಂದಾಣಿಕೆಗೆ ಲೆಕ್ಕದ ಪ್ರಕಾರ 3 ಸಾಕು. ಆದರೆ ಮೂರೇ ಕೊಟ್ಟರೆ ಸಾಫ್ಟ್‌ವೇರ್ ದೋಷ ಸೊನ್ನೆ ಎಂದು ತೋರಿಸುತ್ತದೆ, ಏಕೆಂದರೆ ತಾಳೆ ನೋಡಲು ನಾಲ್ಕನೆಯದು ಇರುವುದೇ ಇಲ್ಲ. ಕನಿಷ್ಠ 8 ಬಿಂದು ಬೇಕು, ಅವು ಹಾಳೆಯ ನಾಲ್ಕೂ ಅಂಚಿಗೆ ಹರಡಿರಬೇಕು. ಎಲ್ಲವನ್ನೂ ಕಣಿವೆಯ ಗದ್ದೆಯಲ್ಲೇ ಹಿಡಿದರೆ ಗದ್ದೆ ಚೆನ್ನಾಗಿ ಕೂರುತ್ತದೆ, ಗುಡ್ಡದ ಮೇಲಿನ ತೋಟ ಎತ್ತಲೋ ಹೋಗುತ್ತದೆ. ಈ ಕೆಲಸಕ್ಕೆ ಬಳಸುವ ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್‌ನಲ್ಲಿ ‘ಥಿನ್ ಪ್ಲೇಟ್ ಸ್ಪ್ಲೈನ್’ ಎಂಬ ಆಯ್ಕೆ ಇದೆ. ಅದು ಪ್ರತಿ ಬಿಂದುವನ್ನೂ ಎಳೆದು ತಂದು ಕೂರಿಸುವುದರಿಂದ ದೋಷದ ಅಂಕಿ ಅಂದವಾಗಿ ಕಾಣುತ್ತದೆ. ತಪ್ಪು ಬಿಂದುವೊಂದು ಒಳಗೆ ಅಡಗಿ ಸುತ್ತಲಿನ ಹತ್ತು ತೋಟಗಳನ್ನು ಜಗ್ಗುತ್ತದೆ. ಮೊದಲು ಸರಳ ವಿಧಾನದಲ್ಲೇ ಮಾಡಿ, ಯಾವ ಬಿಂದು ಮಿಕ್ಕವುಗಳ ಮಾತು ಕೇಳುತ್ತಿಲ್ಲ ಎಂದು ನೋಡುವುದು ಒಳ್ಳೆಯದು.

ಈ ಕೆಲಸ ಕಲಿಯುತ್ತಿರುವವರಿಗೆ ಒಂದು ಸುಲಭ ತಾಳೆ. ಜಾಗವನ್ನು ಡಿಗ್ರಿಯ ಬದಲು ಮೀಟರಿನಲ್ಲಿ ಹೇಳುವ ಪದ್ಧತಿಗೆ ಯುಟಿಎಂ ಎನ್ನುತ್ತಾರೆ; ಶಿವಮೊಗ್ಗ ಜಿಲ್ಲೆಗೆ ಬಳಸುವುದು ಅದರ 43ನೇ ಉತ್ತರ ವಲಯ. ಆ ವಲಯದ ನಡುಗೆರೆಯಾದ 75 ಡಿಗ್ರಿ ರೇಖಾಂಶ ಸಾಗರ ಪೇಟೆಯ ಹತ್ತಿರವೇ ಹಾದುಹೋಗುತ್ತದೆ, ಅಲ್ಲಿ ಪೂರ್ವಾಂಕ (ಪೂರ್ವ ದಿಕ್ಕಿನ ಅಂಕಿ) 5 ಲಕ್ಷ ಮೀಟರ್. ತೀರ್ಥಹಳ್ಳಿ ಪೇಟೆ ಸುಮಾರು 5 ಲಕ್ಷ 26 ಸಾವಿರಕ್ಕೆ ಬರಬೇಕು, ಉತ್ತರಾಂಕ (ಸಮಭಾಜಕದಿಂದ ಉತ್ತರಕ್ಕೆ ಎಣಿಸಿದ ಅಂಕಿ) 15 ಲಕ್ಷ 13 ಸಾವಿರದ ಆಸುಪಾಸು. ಅಕ್ಷಾಂಶ ರೇಖಾಂಶ ಅದಲು ಬದಲಾದರೆ ತೋಟ ನಾರ್ವೆಯ ಉತ್ತರದ ಸಮುದ್ರದಲ್ಲಿ ತೇಲುತ್ತದೆ; ಅಂಥ ತಪ್ಪೇ ವಾಸಿ, ಕೂಡಲೇ ಕಣ್ಣಿಗೆ ಬೀಳುತ್ತದೆ. ಹಳೆಯ ಟೊಪೊಶೀಟ್‌ನ (ಸರ್ವೆ ಇಲಾಖೆಯ ಭೂಲಕ್ಷಣ ನಕ್ಷೆಯ) ಎವರೆಸ್ಟ್ ಡೇಟಮ್ಮನ್ನು, ಅಂದರೆ ಅಳತೆಗೆ ಹಿಡಿದ ಹಳೆಯ ಆಧಾರವನ್ನು, ಈಗ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ಕ್ಕೆ ಬದಲಿಸದೆ ಬಿಟ್ಟಾಗ ನಕ್ಷೆ ನೂರು ಮೀಟರ್ ಆಚೀಚೆ ಸರಿಯುವುದೇ ಅಪಾಯದ್ದು, ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಗೆರೆ ಸರಿಯಿದ್ದು ಅದರ ಕೆಳಗೆ ಕಾಣುವ ಉಪಗ್ರಹ ಚಿತ್ರವೇ ಸರಿದಿರುವುದೂ ಉಂಟು. ಉಪಗ್ರಹ ನೆತ್ತಿಯ ಮೇಲಿಂದಲೇ ನೋಡುವುದಿಲ್ಲ. 20 ಡಿಗ್ರಿ ಓರೆಯಾಗಿ ನೋಡಿದ ಚಿತ್ರದಲ್ಲಿ ಗುಡ್ಡದ ಎತ್ತರವನ್ನು 30 ಮೀಟರ್ ತಪ್ಪಾಗಿ ಲೆಕ್ಕ ಹಿಡಿದಿದ್ದರೆ ನಿಮ್ಮ ತೋಟ 11 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಆ ಎತ್ತರವನ್ನು ಹಲವು ಬಾರಿ ರಡಾರಿನಿಂದ ಅಳೆದಿರುತ್ತಾರೆ; ಕಾಡಿರುವಲ್ಲಿ ರಡಾರ್ ಅಳೆಯುವುದು ನೆಲವನ್ನಲ್ಲ, ಬಹುಪಾಲು ಮರದ ನೆತ್ತಿಯನ್ನು. ಹೀಗಾಗಿ ಘಟ್ಟದಲ್ಲಿ ಈ ದೋಷ ಬಯಲುಸೀಮೆಗಿಂತ ಹೆಚ್ಚು.

ಇನ್ನು ನಿಮ್ಮ ಕೈಯಲ್ಲಿರುವ ಫೋನು. ಬಯಲಿನಲ್ಲಿ 5 ಮೀಟರ್ ಆಚೀಚೆ ತೋರಿಸಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅಡಿಕೆ ಸೋಗೆಯ ಅಡಿಯಲ್ಲಿ, ಅದೂ ಎರಡು ದರೆಗಳ ನಡುವೆ ನಿಂತರೆ 10 ಮೀಟರ್ ದಾಟುವುದು ಮಾಮೂಲು. ಅದೇ ಫೋನಿನಲ್ಲಿ ತೋಟ ಸುತ್ತಿ ವಿಸ್ತೀರ್ಣ ಅಳೆಯುವವರಿಗೆ ಒಂದು ಲೆಕ್ಕ: 45 ಮೀಟರ್ ಚೌಕದ ಜಾಗ 20 ಗುಂಟೆ. ನಾಲ್ಕೂ ಬದಿ ಒಂದೊಂದೇ ಮೀಟರ್ ಹೊರಗೆ ನಡೆದರೂ 1.8 ಗುಂಟೆ ಹೆಚ್ಚು ಬರುತ್ತದೆ. ಇಳಿಜಾರಿನ ಮೇಲೆ ಟೇಪು ಹಾಸಿ ಅಳೆಯುವುದೂ ತಪ್ಪೇ. ದಾಖಲೆಯಲ್ಲಿರುವುದು ಮಟ್ಟಸ ಅಳತೆ. 20 ಡಿಗ್ರಿ ಇಳಿಜಾರಿನ 100 ಅಡಿ ದಾಖಲೆಗೆ 94 ಅಡಿ.

ಹಾಗಾದರೆ ಗಡಿ ತಿಳಿಯುವುದು ಎಲ್ಲಿಂದ? ಸರ್ವೆ ದಾಖಲೆಯ ಟಿಪ್ಪಣಿ (ಅಳತೆ ಬರೆದ ಚಿತ್ರ) ಮತ್ತು ಆಕಾರಬಂದ್ (ವಿಸ್ತೀರ್ಣದ ದಾಖಲೆ) ಪ್ರತಿ ತೆಗೆಸಿ, ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿ. ಟಿಪ್ಪಣಿಯ ಅಳತೆ ಸರಪಳಿ, ಆಣೆಯಲ್ಲಿ ಇರುತ್ತದೆ: 33 ಅಡಿಯ ಸರಪಳಿಗೆ 16 ಆಣೆ, ಒಂದು ಆಣೆ ಎಂದರೆ ಎರಡಡಿ ಮುಕ್ಕಾಲು ಅಂಗುಲ. ನಕ್ಷೆಯ ಆ ಅರ್ಧ ಮಿಲಿಮೀಟರ್ ಗೆರೆಯ ದಪ್ಪದಲ್ಲೇ ಇಂಥ ಆರು ಆಣೆ ಮುಳುಗಿಹೋಗುತ್ತದೆ. ನಿಮ್ಮ ನಂಬರಿಗೆ ಪೋಡಿ (ಪಾಲುಗಳನ್ನು ಅಳೆದು ಬೇರೆ ಮಾಡುವುದು) ಆಗಿಲ್ಲದಿದ್ದರೆ ಆ್ಯಪ್‌ನಲ್ಲಿ ಕಾಣುವುದು ಇಡೀ ನಂಬರಿನ ಹೊರಗೆರೆ, ನಿಮ್ಮ ಪಾಲಿನ ಗೆರೆಯಲ್ಲ ಎನ್ನುವುದೂ ನೆನಪಿರಲಿ. ಅಳತೆಯವರು ಬರುವ ಮುಂಚೆ ಹಳೆಯ ಗಡಿ ಕಲ್ಲುಗಳನ್ನು ಹುಡುಕಿ, ಸುತ್ತಲಿನ ಲಂಟಾನ ಸವರಿಡಿ. ಎರಡು ಕಲ್ಲು ಗಟ್ಟಿಯಾಗಿ ಸಿಕ್ಕರೆ ಮೂರನೆಯದನ್ನು ಅಳತೆಯಿಂದ ಹಿಡಿಯಬಹುದು. ಒಂದೂ ಸಿಗದಿದ್ದರೆ ಪಕ್ಕದ ನಂಬರಿನ ಕಲ್ಲಿನಿಂದ ಅಳೆದು ಬರಬೇಕಾಗುತ್ತದೆ, ಅದಕ್ಕೆ ಅರ್ಧ ದಿನ ಹೆಚ್ಚು ಹಿಡಿಯುತ್ತದೆ.